ತೋಪಿಗೆ ಸಿಗದ ಯುದ್ಧ: ಕಿತ್ತೂರಿನ ಕೋಟೆಯಿಂದ ರಾಯಣ್ಣನ ಕಾಡಿನವರೆಗೆ

ಕಿತ್ತೂರಿನ ಹೋರಾಟದ ಚರಿತ್ರೆಯಲ್ಲಿ ಕತ್ತಿ, ಕುದುರೆ, ಗುರಿಕಾರರ ಬಂದೂಕುಗಳಿಗೆ ಸಿಕ್ಕ ಗಮನ ತೋಪುಗಳಿಗೆ ಸಿಕ್ಕಿಲ್ಲ. ಆದರೆ 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲೆದುರು ಸತ್ತ ಇಂಗ್ಲಿಷ್ ಅಧಿಕಾರಿಗಳಲ್ಲಿ ಕಲೆಕ್ಟರ್ ಥ್ಯಾಕರೆಯ ಜೊತೆಗೆ ತೋಪುಪಡೆಯವರೂ ಇದ್ದರು. ಕ್ಯಾಪ್ಟನ್ ಬ್ಲ್ಯಾಕ್ ಮತ್ತು ಲೆಫ್ಟಿನೆಂಟ್‌ಗಳಾದ ಸೀವೆಲ್, ಡೈಟನ್ ಮದ್ರಾಸ್ ಸೈನ್ಯದ ಕುದುರೆ ತೋಪುಪಡೆಗೆ ಸೇರಿದವರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಒಡೆಯ ಶಿವಲಿಂಗರುದ್ರಸರ್ಜ ದೇಸಾಯಿ ತೀರಿಕೊಂಡಿದ್ದ. ಅವನ ದತ್ತು ಮಗ ಶಿವಲಿಂಗಪ್ಪನನ್ನು ಧಾರವಾಡದಲ್ಲಿದ್ದ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಬಿತ್ತು, ಕಾವಲು ಕೂತಿತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿದ್ದನ್ನು ಕಂಡ ಥ್ಯಾಕರೆ, ಅದನ್ನು ತೋಪಿನಿಂದ ಒಡೆಯುವ ಬೆದರಿಕೆ ಹಾಕಿದ. ಕುದುರೆ ತೋಪುಗಳು ಹಗುರ. ಬಯಲಿನಲ್ಲಿ ದೂರದಿಂದ ಹೊಡೆದು ಬೇಗ ಜಾಗ ಬದಲಿಸುವುದೇ ಅವುಗಳ ಬಲ. ಕೋಟೆಬಾಗಿಲಿಗೆ ಅಷ್ಟು ಹತ್ತಿರ ತಂದು ನಿಲ್ಲಿಸಿದಾಗ ಆ ಬಲ ಉಳಿಯಲಿಲ್ಲ. ಬಾಗಿಲು ತೆರೆದು ನುಗ್ಗಿದ ಕಿತ್ತೂರಿನವರು ತೋಪಿನವರ ಮೇಲೇ ಬಿದ್ದರು. ಥ್ಯಾಕರೆಯನ್ನು ಉರುಳಿಸಿದ್ದು ಅಮಟೂರ ಬಾಳಪ್ಪನ ಗುಂಡು ಎಂದು ನಾಡು ನೆನೆಯುತ್ತದೆ.

ಸೆರೆಸಿಕ್ಕ ಥ್ಯಾಕರೆಯ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್ಸನ್‌ರನ್ನು ಕಿತ್ತೂರು ಚೆನ್ನಾಗಿಯೇ ನಡೆಸಿಕೊಂಡಿತು. ಈ ವಾಲ್ಟರ್ ಎಲಿಯಟ್ ಮುಂದೆ ಕರ್ನಾಟಕದ ನೂರಾರು ಶಾಸನಗಳ ಪ್ರತಿ ಮಾಡಿಸಿದವನು. ಅಂದು ಅವನ ಜೀವ ಉಳಿಯಿತೆಂಬುದಕ್ಕೆ ನಮ್ಮ ಶಾಸನಶಾಸ್ತ್ರವೂ ಕೃತಜ್ಞವಾಗಿರಬೇಕು.

ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ತೋಪುಗಳನ್ನು ಬಾಗಿಲ ಹತ್ತಿರ ತರುವ ಅದೇ ತಪ್ಪು ಮಾಡಲಿಲ್ಲ. ಕಮಿಷನರ್ ಚಾಪ್ಲಿನ್ ಬಂದ, ಡೀಕನ್‌ನ ದೊಡ್ಡ ಪಡೆ ಸುತ್ತುವರಿಯಿತು. ಸೆರೆಯಾಳುಗಳು ಬಿಡುಗಡೆಯಾದ ಮೇಲೂ ದಾಳಿ ನಿಲ್ಲಲಿಲ್ಲ. ತೋಪುಗಳು ದೂರದಿಂದ ಗೋಡೆಯನ್ನು ಒಡೆದವು, ಡಿಸೆಂಬರ್ 5ರ ಹೊತ್ತಿಗೆ ಕೋಟೆ ಕೈಬಿಟ್ಟಿತು. ಮದ್ದಿಗೆ ಸೆಗಣಿ ಬೆರೆಸಿದ ದ್ರೋಹದ ಕಥೆ ಜನಮನದಲ್ಲಿ ಗಟ್ಟಿಯಾಗಿ ನಿಂತಿದೆ. ದ್ರೋಹವಿಲ್ಲದಿದ್ದರೂ ಮುತ್ತಿಗೆಯ ತೋಪುಗಳೆದುರು ಆ ಗೋಡೆ ಬಹುಕಾಲ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಗೊಳ್ಳಿಯ ರಾಯಣ್ಣನನ್ನು ಇಲ್ಲಿಂದಲೇ ಅರ್ಥಮಾಡಿಕೊಳ್ಳಬೇಕು. ಸೇವೆಗಾಗಿ ಭೂಮಿ ಪಡೆದ ಶೇತಸನದಿಗಳ ವರ್ಗಕ್ಕೆ ಸೇರಿದ ಈತ 1829–30ರಲ್ಲಿ ಮತ್ತೆ ಎದ್ದಾಗ ಯಾವ ಕೋಟೆಯನ್ನೂ ಹಿಡಿದು ಕೂರಲಿಲ್ಲ. ಕಾಡು, ಹಳ್ಳ, ಗುಡ್ಡಗಳೇ ನೆಲೆ. ಬೀಡಿ ಎಂಬ ಊರಿನ ಕಚೇರಿಗೆ ಬೆಂಕಿಯಿಟ್ಟ, ಸರ್ಕಾರಿ ಕಾಗದಪತ್ರ ಸುಟ್ಟ, ಶಿವಲಿಂಗಪ್ಪನ ಹೆಸರಿನಲ್ಲಿ ಜನ ಕೂಡಿಸಿದ. ಸಿದ್ದಿ ಗಜವೀರನಂಥವರು ಜೊತೆಯಾದರು. ಗೋಡೆಯೇ ಇಲ್ಲದ ಯುದ್ಧದಲ್ಲಿ ತೋಪು ಏನನ್ನು ಒಡೆಯಬೇಕು? ಕಂದಾಯದ ದಫ್ತರಗಳನ್ನೇ ಗುರಿಮಾಡಿದ್ದು ಇನ್ನೂ ಚುರುಕಾದ ತಿಳಿವಳಿಕೆ: ಹೊಲ ಕಿತ್ತುಕೊಳ್ಳುವ ಆಡಳಿತ ನಿಂತದ್ದೇ ಆ ಕಾಗದಗಳ ಮೇಲೆ.

ಹಾಗಾಗಿ ಕಂಪನಿಯೂ ದಾರಿ ಬದಲಿಸಿತು. 1830ರ ಏಪ್ರಿಲ್‌ನಲ್ಲಿ ರಾಯಣ್ಣ ಸಿಕ್ಕಿದ್ದು ಮುಖಾಮುಖಿ ಕದನದಲ್ಲಲ್ಲ, ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ನಂಬಿದವರ ಕೈಯಲ್ಲಿ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಿತ್ತೂರಿನ ಯುದ್ಧವನ್ನು 1824ರ ಡಿಸೆಂಬರಿಗೇ ಮುಗಿಸುವ ಪಠ್ಯಗಳು ಅದರ ಮುಂದಿನ ಆರು ವರ್ಷಗಳನ್ನೂ ಸೇರಿಸಿ ಬರೆಯಬೇಕು.