ಮನೆಯ ಯಂತ್ರಗಳೂ ಅವುಗಳ ಹೆಸರುಗಳೂ

ಹೊಸ ವಸ್ತುವೊಂದು ಹೊಸ್ತಿಲು ದಾಟಿ ಒಳಗೆ ಬಂದಾಗ ಅದರ ಬೆನ್ನಹಿಂದೆಯೇ ಹೆಸರೂ ಬರುತ್ತದೆ. ವಸ್ತುವಿಗೆ ಮನೆಯವರು ಒಂದು ಮೂಲೆಯನ್ನು ತೋರಿಸುತ್ತಾರೆ. ಹೆಸರಿಗೆ ಸ್ಥಳ ಕೊಡುವ ಭಾರವು ಭಾಷೆಯದು. ರೇಡಿಯೋ, ಟೀವಿ, ಫ್ರಿಜ್ಜು, ಮಿಕ್ಸರು ಮೊದಲಾದ ಹೆಸರುಗಳು ಕನ್ನಡವನ್ನು ಕೆಡಿಸಿದುವೆಂದು ಪಂಡಿತರಲ್ಲಿ ಒಂದು ದೂರು ಉಂಟು. ಆ ದೂರಿನ ಸತ್ಯಾಸತ್ಯವನ್ನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಮಾತನ್ನೇ ಮುಂದಿಟ್ಟುಕೊಂಡು ವಿಚಾರಿಸುವುದು ಯುಕ್ತವಾಗಿದೆ.

ಮೊದಲು ವಿದ್ವಾಂಸರು ಇಟ್ಟ ಹೆಸರುಗಳ ಗತಿಯೇನಾಯಿತೆಂಬುದನ್ನು ನೋಡಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರದಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಕಂಸನು ತಂಗಿಯ ರಥವನ್ನು ನಡೆಸುತ್ತಿದ್ದಾಗ ಮುಗಿಲಿನಿಂದ ಕೇಳಿಬಂದ ಅಶರೀರವಾಣಿಯನ್ನು ಬಲ್ಲವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಮುಂದೆ ೧೯೫೦ರ ದಶಕದಲ್ಲಿ ಭಾರತ ಸರಕಾರದ ಪ್ರಸಾರ ಸಂಸ್ಥೆಯೂ ಇದೇ ಹೆಸರನ್ನು ಧರಿಸಿತು. ಕನ್ನಡ ನಾಡಿನ ಒಂದು ಮನೆಯಲ್ಲಿ ಹುಟ್ಟಿದ ಮಾತು ದೇಶದ ಮಾತಾಯಿತು. ಇದು ಸಾಮಾನ್ಯ ಭಾಗ್ಯವಲ್ಲ.

ಆದರೆ ೧೯೫೦ರ ಜನವರಿ ೮ರಂದು ಧಾರವಾಡದ ನಿಲಯವು ಆರಂಭವಾಗಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಅದರ ದನಿಯು ಕೇಳತೊಡಗಿದಾಗ, ಜನರು ‘ಆಕಾಶವಾಣಿ’ ಎಂದುದು ಧಾರವಾಡದಿಂದ ಬರುವ ದನಿಯನ್ನು. ಮಾಡದಲ್ಲಿ ಕುಳಿತ ಪೆಟ್ಟಿಗೆಯು ‘ರೇಡಿಯೋ’ ಆಗಿಯೇ ಉಳಿಯಿತು. ಲ್ಯಾಟಿನ್ ಭಾಷೆಯಲ್ಲಿ ಗಾಲಿಯ ಅರಕ್ಕೂ ಬೆಳಕಿನ ಕಿರಣಕ್ಕೂ ಇದ್ದ ‘ರೇಡಿಯಸ್’ ಎಂಬ ಪದವು ಈ ಹೆಸರಿಗೆ ಮೂಲ. ‘ದೂರದರ್ಶನ’ದ ಕಥೆಯೂ ಇಂತಹುದೇ. ೧೯೦೦ರಲ್ಲಿ ಪ್ಯಾರಿಸ್ ನಗರದಲ್ಲಿ ಪೆರ್ಸ್ಕಿ ಎಂಬ ರಷ್ಯದ ವಿಜ್ಞಾನಿಯು ಗ್ರೀಕಿನ ‘ಟೆಲಿ’ಯನ್ನೂ ಲ್ಯಾಟಿನ್ನಿನ ‘ವಿಷನ್’ ಅನ್ನೂ ಬೆಸೆದು ಬಳಸಿದ ‘ಟೆಲಿವಿಷನ್’ ಎಂಬುದಕ್ಕೆ ಇದು ಅಕ್ಷರಶಃ ಅನುವಾದ. ಇದು ೧೯೭೬ರಲ್ಲಿ ಪ್ರತ್ಯೇಕಗೊಂಡ ಸರಕಾರಿ ಸಂಸ್ಥೆಗೆ ಅಂಟಿಕೊಂಡಿತು, ಪೆಟ್ಟಿಗೆಯು ಟೀವಿಯಾಯಿತು. ಅಂತೂ ಸಂಸ್ಕೃತದ ಹೆಸರು ಕಚೇರಿಯ ಫಲಕಕ್ಕೆ, ಇಂಗ್ಲಿಷಿನದು ಪಡಸಾಲೆಗೆ ಎಂಬಂತೆ ಪಾಲು ಹಂಚಿಕೆಯಾಯಿತು.

ಪಡಸಾಲೆಗೆ ಬಂದ ಈ ಮಾತುಗಳು ಬಂದ ಹಾಗೆಯೇ ಉಳಿದುವೇ ಎಂಬುದು ಮುಖ್ಯ ಪ್ರಶ್ನೆ. ಹಳಗನ್ನಡದ ವ್ಯಂಜನಾಂತ ಪದಗಳು ಕಾಲಾಂತರದಲ್ಲಿ ಉಕಾರವನ್ನು ಪಡೆದುವೆಂಬುದು ಸರ್ವವಿದಿತ. ಹ್ರಸ್ವಸ್ವರದ ಮುಂದಿನ ವ್ಯಂಜನವು ಇಮ್ಮಡಿಸಿ ಕಣ್ ‘ಕಣ್ಣು’ ಆಯಿತು, ಕಲ್ ‘ಕಲ್ಲು’ ಆಯಿತು. ದೀರ್ಘದ ಮುಂದೆ ಇಮ್ಮಡಿಸದೆ ಕಾಲ್ ‘ಕಾಲು’, ಮೀನ್ ‘ಮೀನು’ ಆದುವು. ಈ ಸೀಮೆಯ ಊರುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಕದಂಬರ ಶಾಸನಗಳ ಪಾನುಂಗಲ್ ಇಂದು ಹಾನಗಲ್ಲು, ಹಾನಗಲ್ಲ. ಸವಣೂರು, ಹಿರೇಕೆರೂರುಗಳ ಕೊನೆಯ ‘ಊರ್’ ಇಮ್ಮಡಿಸದೆ ‘ಊರು’. ಇನ್ನು ಅಡುಗೆಮನೆಯತ್ತ ಕಿವಿಗೊಡಿರಿ. ಸ್ವಿಚ್ ‘ಸ್ವಿಚ್ಚು’, ಪ್ಲಗ್ ‘ಪ್ಲಗ್ಗು’, ಸೆಟ್ ‘ಸೆಟ್ಟು’, ಫ್ರಿಜ್ ‘ಫ್ರಿಜ್ಜು’. ಅತ್ತ ಟ್ಯೂಬ್ ‘ಟ್ಯೂಬು’, ಟೇಪ್ ‘ಟೇಪು’, ಫೋನ್ ‘ಫೋನು’. ಹೆಸರ್ ‘ಹೆಸರು’ ಆದಂತೆ ಮಿಕ್ಸರ್ ‘ಮಿಕ್ಸರು’. ವ್ಯಾಕರಣವನ್ನು ಓದದ ಮುದುಕಿಯೂ ‘ಫೋನ್ನು’ ಎನ್ನಲಾರಳು, ‘ಪ್ಲಗು’ ಎನ್ನಲಾರಳು. “ಫ್ರಿಜ್ಜಿನ್ಯಾಗ ಹಾಲೈತಿ ನೋಡವಾ” ಎಂಬ ಮಾತಿನಲ್ಲಿ ವಿಭಕ್ತಿಯೂ ಕ್ರಿಯಾಪದವೂ ಸಂಬೋಧನೆಯೂ ಅಚ್ಚಗನ್ನಡ. ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ಪಡೆಯುವ ವಿಕಾರಗಳಿಗಾಗಿ ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವನ್ನೇ ಮೀಸಲಿಟ್ಟನು. ದಿಕ್ ‘ದಿಕ್ಕು’ ಆದುದಕ್ಕೆ ಅಳದವರು ಸ್ವಿಚ್ ‘ಸ್ವಿಚ್ಚು’ ಆದುದಕ್ಕೆ ಅಳುವುದೇಕೆ?

ಅರ್ಥದಲ್ಲಿಯೂ ಜನರು ತಮ್ಮ ಸ್ವಾತಂತ್ರ್ಯವನ್ನು ತೋರಿಸಿದ್ದಾರೆ. ಹಳ್ಳಿಗಳಲ್ಲಿ ‘ಬ್ಯಾಟ್ರಿ’ ಎಂದರೆ ಕೈದೀಪ, ಅದರೊಳಗಿನವು ‘ಸೆಲ್ಲು’ಗಳು. ಫಿರಂಗಿಗಳ ಸಾಲಿಗಿದ್ದ ಈ ಹೆಸರನ್ನು ವಿದ್ಯುತ್ತಿನ ಜಾಡಿಗಳ ಸಾಲಿಗೆ ಇಟ್ಟವನು ಬೆಂಜಮಿನ್ ಫ್ರ್ಯಾಂಕ್ಲಿನ್, ೧೭೪೯ರಲ್ಲಿ. ರಣರಂಗದ ಮಾತು ಹೊಲದಲ್ಲಿ ನೀರು ಹಾಯಿಸುವವನ ಕೈಗೆ ಬಂದಿತು! ‘ಟ್ರಾನ್ಸಿಸ್ಟರ್’ ಕೂಡ ೧೯೪೮ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಒಂದು ಸಣ್ಣ ಬಿಡಿಭಾಗಕ್ಕೆ ಇಟ್ಟ ಹೆಸರು; ಜನರ ಬಾಯಲ್ಲಿ ಅದು ಹೆಗಲಿಗೆ ತೂಗುಹಾಕುವ ಇಡೀ ರೇಡಿಯೋ ಆಯಿತು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಕ್ರಿಯಾಪದ. ಮೈಸೂರು ಕಡೆಯವರು ಫ್ಯಾನು ‘ಹಾಕು’ ಎನ್ನುವಲ್ಲಿ ಈ ಭಾಗದವರು ‘ಹಚ್ಚು’ ಎನ್ನುತ್ತಾರೆ. ದೀಪವನ್ನು ಹಚ್ಚುತ್ತಿದ್ದ ಕೈಯೇ ಮುಂದೆ ಲೈಟನ್ನು ಹಚ್ಚಿತು, ರೇಡಿಯೋ ಹಚ್ಚಿತು, ಟೀವಿ ಹಚ್ಚಿತು. ಉರಿಯಿಲ್ಲದ ಫ್ಯಾನನ್ನೂ ಹಚ್ಚಿತು. ದೂರದ ಮಗನಿಗೆ ಫೋನು ಹಚ್ಚಿತು. ಗಡಿಯಾರಕ್ಕೂ ಗ್ರಾಮಫೋನಿಗೂ ‘ಚಾವಿ ಕೊಡು’ ಎನ್ನುತ್ತಿದ್ದರು; ಆ ಚಾವಿಯು ಪೋರ್ತುಗೀಜರದು. ಚಾವಿಯ ಯಂತ್ರಗಳು ಮರೆಯಾದಂತೆ ಆ ನುಡಿಯೂ ಅಪರೂಪವಾಯಿತು, ಅದು ಸಹಜ. ಆದರೆ ‘ಹಚ್ಚು’ ಎಂಬುದಕ್ಕೆ ಅಂತಹ ಯಾವ ಕಾರಣವೂ ಇಲ್ಲ. ಯಂತ್ರಗಳು ಮನೆಯಲ್ಲಿಯೇ ಇವೆ, ಗುಂಡಿಯೂ ಗೋಡೆಯಲ್ಲಿಯೇ ಇದೆ. ಶಾಲೆಯಿಂದ ಬಂದ ಹುಡುಗನು ಮಾತ್ರ ‘ಫ್ಯಾನ್ ಆನ್ ಮಾಡು’ ಎನ್ನುತ್ತಿದ್ದಾನೆ. ಪಂಡಿತರು ದೂರುವುದಾದರೆ ದೂರಬೇಕಾದುದು ಇಲ್ಲಿ. ಫ್ಯಾನು ಎಂಬ ನಾಮಪದವು ಕನ್ನಡದ ಯಾವ ಮಾತನ್ನೂ ಹೊರಗೆ ಹಾಕಲಿಲ್ಲ. ‘ಆನ್ ಮಾಡು’ ಎಂಬುದು ಅಜ್ಜಿಯ ‘ಹಚ್ಚು’ವನ್ನು ಹೊರಗೆ ಹಾಕುತ್ತಿದೆ. ಸವಣೂರಿನ ಓಣಿಗಳಲ್ಲಿ, ಹಿರೇಕೆರೂರಿನ ಹಳ್ಳಿಗಳಲ್ಲಿ ಆ ಅಜ್ಜಿಯರು ಇನ್ನೂ “ಲೈಟ್ ಹಚ್ಚೋ ತಮ್ಮಾ, ಕತ್ತಲಾತು” ಎನ್ನುತ್ತಿದ್ದಾರೆ.