ಓಕಳಿಪುರದ ಮನೆಯಲ್ಲಿ ಸಂಗೀತಶ್ರವಣ

ನಮ್ಮ ಸಂಗೀತದ ಇತಿಹಾಸವು ಬಹುಮಟ್ಟಿಗೆ ವಾಗ್ಗೇಯಕಾರರ, ವಿದ್ವಾಂಸರ ಹಾಗೂ ಆಶ್ರಯದಾತರ ಇತಿಹಾಸವಾಗಿದೆ. ಕೇಳುವವನಿಗೆ ಅದರಲ್ಲಿ ಸ್ಥಾನ ಅಲ್ಪ. ಮನೆಯಲ್ಲಿ ಕುಳಿತು ಕೇಳುವವನಿಗಂತೂ ಇಲ್ಲವೆಂದೇ ಹೇಳಬೇಕು. ಆತನ ಕಿವಿಗೆ ಮುಟ್ಟಿದ್ದೇನು, ಮುಟ್ಟದೆ ಹೋದುದೇನು ಎಂಬುದನ್ನು ಬೆಂಗಳೂರಿನ ಓಕಳಿಪುರವನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿಚಾರಿಸುತ್ತೇವೆ.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದರು. 1955ರಲ್ಲಿ ಬೆಂಗಳೂರು ಕೇಂದ್ರ ಕಾರ್ಯಾರಂಭ ಮಾಡಿತು. ಅದುವರೆಗೆ ಕಚೇರಿ ಕೇಳಬೇಕೆಂದವನು ಬಹುಮಟ್ಟಿಗೆ ಸಭೆಗೋ ದೇವಾಲಯಕ್ಕೋ, 1939ರಲ್ಲಿ ಮೊದಲಾದ ಚಾಮರಾಜಪೇಟೆಯ ರಾಮೋತ್ಸವದ ಚಪ್ಪರಕ್ಕೋ ಹೋಗಬೇಕಾಗಿತ್ತು. ಅಲ್ಲಿ ಮೌನವನ್ನು ಕಾಯುವುದು ಸಭಿಕರೆಲ್ಲರ ಹೊಣೆ. ರೇಡಿಯೋ ಸಂಗೀತವನ್ನು ಮನೆಗೆ ತಂದಿತು, ಮೌನವನ್ನು ತರಲಿಲ್ಲ.

ಓಕಳಿಪುರವು ನಗರದ ಮುಖ್ಯ ರೈಲು ನಿಲ್ದಾಣಕ್ಕೆ ತೀರ ಸಮೀಪದ ಬಡಾವಣೆ. ತುಮಕೂರಿನ ಕಡೆಗೂ ಚೆನ್ನೈ ಕಡೆಗೂ ಹೋಗುವ ಹಳಿಗಳು ಇದರ ಪಕ್ಕದಲ್ಲಿಯೇ ಕವಲೊಡೆಯುತ್ತವೆ. 1884ರಲ್ಲಿ ಸ್ಥಾಪಿತವಾದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯೂ ದೂರದಲ್ಲಿರಲಿಲ್ಲ. ಇವುಗಳೊಡನೆ ಒರಳಿನ ಸದ್ದು, ನಲ್ಲಿಯ ಬಳಿಯ ಮಾತು, ಪಕ್ಕದ ಮನೆಯ ಮಗುವಿನ ಅಳು.

ಸದ್ದು ಸಂಗೀತವನ್ನು ಸಮನಾಗಿ ಮುಚ್ಚುವುದಿಲ್ಲ. ಮೊದಲು ನುಂಗುವುದು ಮೆಲುದನಿಯನ್ನು. ತಗ್ಗಿದ ಕಂಪನಸಂಖ್ಯೆಯ ಬಲವಾದ ಸದ್ದು ತನಗಿಂತ ಮೇಲಿನ ಶ್ರುತಿಗಳನ್ನೂ ಮರೆಸುತ್ತದೆಂಬುದು ಶ್ರವಣವಿಜ್ಞಾನದ ಸಿದ್ಧಾಂತ. ವೀಣೆಯಲ್ಲಿ ಒಮ್ಮೆ ಮೀಟಿ, ನಾದ ಕ್ಷೀಣಿಸುತ್ತಿರುವಾಗಲೇ ತಂತಿಯನ್ನೆಳೆದು ಗಮಕವನ್ನು ತೆಗೆಯುತ್ತಾರೆ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ (1920-1997) ವಾದನವು ಬಾನುಲಿಯಲ್ಲಿ ಬರುತ್ತಿದ್ದಾಗ ರೈಲೊಂದು ಹಾದುಹೋದರೆ, ಮೀಟು ಕೇಳಿಸೀತು, ಗಮಕದ ಬಾಲ ಕೇಳಿಸದು. ಅಂದರೆ ಕಳೆದುಹೋಗುವುದು ರಾಗದ ಜೀವವೇ. ಧ್ವನಿಯನ್ನು ಏರಿಸಿದರೆ ಮೆಲುದನಿ ದಕ್ಕುತ್ತದೆ. ಆದರೆ ತನಿ ಆವರ್ತನದ ವೇಳೆಗೆ ಪಕ್ಕದ ಮನೆಯವರ ನಿದ್ದೆ ಕೆಡುತ್ತದೆ. ಒಬ್ಬನ ಸಂಗೀತ ಇನ್ನೊಬ್ಬನಿಗೆ ಗದ್ದಲವಾಗುವುದು ಹೀಗೆ.

ಇದು ಕೇವಲ ಕಿವಿಯ ಪ್ರಶ್ನೆಯಲ್ಲ. 1890ರ ದಶಕದಲ್ಲಿ ಯೋಜಿತವಾದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳಿದ್ದವು, ಅನೇಕ ಮನೆಗಳ ಸುತ್ತ ತೋಟವಿತ್ತು. ಗೋಡೆಗೆ ಗೋಡೆ ಹತ್ತಿದ ವಠಾರಗಳಲ್ಲಿ ಆ ಅಂತರವಿಲ್ಲ. ನಗರಯೋಜನೆಯು ನೆಲವನ್ನು ಹಂಚುವಾಗ ನಿಶ್ಶಬ್ದವನ್ನೂ ಹಂಚಿತು, ಸಮನಾಗಿ ಹಂಚಲಿಲ್ಲ. ಬಾನುಲಿಯ ಸಂಗೀತ ಎಲ್ಲರಿಗೂ ಒಂದೇ ಆಗಿದ್ದರೂ ಎಲ್ಲರೂ ಕೇಳಿದ್ದು ಒಂದನ್ನೇ ಅಲ್ಲ. ಆದುದರಿಂದ ಶಾಸ್ತ್ರೀಯ ಸಂಗೀತದ ರುಚಿಯನ್ನು ಸಂಸ್ಕಾರದ ಫಲವೆಂದಷ್ಟೇ ಎಣಿಸುವುದು ಸಾಧುವಲ್ಲವೆಂದು ನಮಗೆ ತೋರುತ್ತದೆ. ಮೆಲುದನಿಯನ್ನು ಕೇಳುವ ಅವಕಾಶವೇ ಇಲ್ಲದವನಿಗೆ ಅದರ ಅಭಿರುಚಿ ಇಲ್ಲವೆಂದು ಹೇಳುವುದು ಅನ್ಯಾಯ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಅವು ಅಳೆಯುವುದು ಸದ್ದನ್ನು, ಅದರಿಂದ ಮರೆಯಾದುದನ್ನಲ್ಲ. ಧ್ವನಿಮುದ್ರಿಕೆಗಳ ಭಂಡಾರವೂ ಏನನ್ನು ನುಡಿಸಿದರೆಂದು ಹೇಳೀತೇ ಹೊರತು ಏನನ್ನು ಕೇಳಿದರೆಂದು ಹೇಳಲಾರದು. ಅದಕ್ಕೆ ಆಧಾರ ಹಿರಿಯರ ನೆನಪೊಂದೇ. ರೇಡಿಯೋ ಯಾವ ಗೋಡೆಗೆ ಇತ್ತು, ಯಾವ ಹೊತ್ತಿಗೆ ಹಾಕುತ್ತಿದ್ದರು, ರೈಲು ಬಂದಾಗ ಏನು ಮಾಡುತ್ತಿದ್ದರು ಎಂದು ನಮ್ಮ ವಿದ್ಯಾರ್ಥಿಗಳು ಅವರಿರುವಾಗಲೇ ಕೇಳಿ ಬರೆದಿಡಬೇಕು. ಆ ಸಾಕ್ಷ್ಯ ಕಾಯುವಂಥದಲ್ಲ.