ಕೆಟ್ಟ ವರ್ಷದ ಒಳ್ಳೆಯ ವೈನ್

ವೈನ್ ಬಾಟಲಿಯ ಮೇಲೆ ಒಂದು ಇಸವಿ ಅಚ್ಚಾಗಿರುತ್ತದೆ, ನೋಡಿದ್ದೀರಾ? ಅದು ಬಾಟಲಿಗೆ ತುಂಬಿದ ವರ್ಷ ಅಲ್ಲ, ದ್ರಾಕ್ಷಿ ಕೊಯ್ದ ವರ್ಷ. ಇದಕ್ಕೇ ವಿಂಟೇಜ್ ಅನ್ನುತ್ತಾರೆ. ಫ್ರಾನ್ಸಿನ ಬೋರ್ಡೋದಂಥ ಕಡೆ ಈ ನಾಲ್ಕು ಅಂಕಿಗಳ ಮೇಲೆ ದೊಡ್ಡ ವ್ಯಾಪಾರವೇ ನಿಂತಿದೆ. 1961 ಅದ್ಭುತ ವರ್ಷ, 1963 ಕೆಟ್ಟ ವರ್ಷ ಅಂತ ಪಟ್ಟಿಗಳಿವೆ. ಎಷ್ಟೋ ಜನ ಪಟ್ಟಿ ನೋಡಿಯೇ ಕೊಳ್ಳುತ್ತಾರೆ.

ನಾನೇನು ವೈನ್ ಪಂಡಿತ ಅಲ್ಲ, ಬೆಳಗಾವಿಯಲ್ಲಿ ಕೂತು ಕೋಡ್ ಬರೆಯುವವನು. ಆದರೆ ಈ ಪಟ್ಟಿಗೇ ಚಳ್ಳೆಹಣ್ಣು ತಿನ್ನಿಸಿದ ವೈನುಗಳ ಇತಿಹಾಸ ಓದುತ್ತಾ ಹೋದ ಹಾಗೆ ನನಗೆ ಖಾನಾಪುರದ ಭತ್ತದ ಗದ್ದೆಗಳು ನೆನಪಾದವು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು, ವರ್ಷಕ್ಕೆ ಹೆಸರು ಬೀಳುವುದು ಹೇಗೆ? ಬೋರ್ಡೋದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕೊಯ್ಲು. ಮುಂದಿನ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿ ಇರುವಾಗಲೇ ವ್ಯಾಪಾರಿಗಳೂ ವಿಮರ್ಶಕರೂ ಬಂದು ರುಚಿ ನೋಡಿ ತೀರ್ಪು ಕೊಡುತ್ತಾರೆ, ಬೆಲೆಯೂ ನಿಗದಿಯಾಗುತ್ತದೆ. ಅದು ಬಾಟಲಿ ಸೇರುವುದು ಎಷ್ಟೋ ತಿಂಗಳ ನಂತರ, ಪೂರ್ತಿ ಹದಕ್ಕೆ ಬರುವುದು ಹತ್ತಿಪ್ಪತ್ತು ವರ್ಷಕ್ಕೆ. ಕೂಸು ಅಂಬೆಗಾಲಿಡುವ ಮೊದಲೇ ಜಾತಕ ಬರೆದಿಟ್ಟ ಹಾಗೆ!

ಈಗ 1991ನ್ನು ನೋಡಿ. ಆ ವರ್ಷ ಏಪ್ರಿಲ್ 20-21ರ ರಾತ್ರಿ ಬೋರ್ಡೋದಲ್ಲಿ ಹಿಮ ಬಿದ್ದು ಬಳ್ಳಿಯ ಎಳೆ ಚಿಗುರೆಲ್ಲ ಸುಟ್ಟುಹೋಯಿತು. ಆಮೇಲೆ ಎರಡನೇ ಸಲ ಒಡೆದ ಚಿಗುರಿನ ಹಣ್ಣು ತಡವಾಯಿತು, ಕೊಯ್ಲಿನ ಹೊತ್ತಿಗೆ ಮಳೆ ಬೇರೆ. ಹೆಸರಾಂತ ಪೆಟ್ರೂಸ್‌ನವರು ಆ ವರ್ಷ ತಮ್ಮ ಹೆಸರಿನಲ್ಲಿ ವೈನನ್ನೇ ಹೊರತರಲಿಲ್ಲ. ಆದರೆ ಶಾತೋ ಲಾತೂರ್ ಎಂಬ ತೋಟದ ಮುಖ್ಯ ಭಾಗ ಜಿರೋಂಡ್ ನದಿಯ ಮಗ್ಗುಲಲ್ಲೇ ಇದೆ. ಅಷ್ಟು ದೊಡ್ಡ ನೀರಿನ ಹರವು ಪಕ್ಕದ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಇಡುತ್ತದೆ. ಹಾಗಾಗಿ ಅಲ್ಲಿ ಮೊದಲ ಚಿಗುರು ಸಾಕಷ್ಟು ಉಳಿಯಿತು. ಲಾತೂರ್ 1991 ಆ ವರ್ಷದ ಅತ್ಯುತ್ತಮ ವೈನುಗಳಲ್ಲಿ ಒಂದು ಅನ್ನಿಸಿಕೊಂಡಿತು.

1964ರದ್ದು ಇನ್ನೊಂದು ಥರ. ಬೇಸಿಗೆ ಚೆನ್ನಾಗಿತ್ತು, ಎಲ್ಲರೂ ಖುಷಿಯಲ್ಲಿದ್ದರು. ಅಕ್ಟೋಬರ್ 8ಕ್ಕೆ ಮಳೆ ಹಿಡಿದಿದ್ದು ಸುಮಾರು ಎರಡು ವಾರ ಬಿಡಲಿಲ್ಲ. ಇನ್ನೂ ಸ್ವಲ್ಪ ಹಣ್ಣಾಗಲಿ ಅಂತ ಕಾದಿದ್ದ ಲಾಫಿಟ್, ಮೂಟೋನ್‌ನಂಥ ಘಟಾನುಘಟಿಗಳು ಮಳೆಗೆ ಸಿಕ್ಕಿಬಿದ್ದರು. ಮೊದಲೇ ಕೊಯ್ದು ಮುಗಿಸಿದ್ದ ಲಾತೂರ್ ಮತ್ತೆ ಬಚಾವ್. ಇಸವಿ ಒಂದೇ, ಆಕಾಶ ಒಂದೇ, ಕೊಯ್ದ ದಿನ ಮಾತ್ರ ಬೇರೆ.

1972ರಲ್ಲಿ ಬೇಸಿಗೆ ತಂಪಾಗಿತ್ತು. ಬೋರ್ಡೋದ ವೈನ್ ಸಪ್ಪೆ, ಬೆಲೆ ಮಾತ್ರ ಗಗನಕ್ಕೆ. ಮುಂದೆ 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಆ ಮಾರುಕಟ್ಟೆಯೇ ಕುಸಿಯಿತು. ಇದೇ ಕೆಟ್ಟ ಹೆಸರು ಎಷ್ಟೋ ದೂರದ ಬರ್ಗಂಡಿಯ ಕೆಂಪು ವೈನಿಗೂ ಅಂಟಿಕೊಂಡಿತು. ಅಲ್ಲಿನದು ಆಗ ಹುಳಿ, ಬಾಯಿಗೆ ಒರಟು. ಆದರೆ ವೈನ್ ಬಾಳಿಕೆ ಬರುವುದೇ ಆ ಹುಳಿಯಿಂದ. ವರ್ಷಗಳ ಮೇಲೆ ಬಾಟಲಿ ತೆಗೆದವರಿಗೆ ಆಶ್ಚರ್ಯ ಕಾದಿತ್ತು.

ಹಾಗಂತ ಕೆಟ್ಟ ವರ್ಷವೆಲ್ಲ ಗುಟ್ಟಾಗಿ ಒಳ್ಳೆಯದೇ ಅಂತ ಅಲ್ಲ. ಬೋರ್ಡೋದ 1963 ನಿಜಕ್ಕೂ ಕೆಟ್ಟದ್ದೇ. ಆದರೆ ಅದೇ 1963 ಪೋರ್ಚುಗಲ್ಲಿನ ದೌರೋ ಕಣಿವೆಯಲ್ಲಿ ಪೋರ್ಟ್ ವೈನಿನ ಮಹಾ ವರ್ಷಗಳಲ್ಲಿ ಒಂದು! ಚೋರ್ಲಾ ಘಾಟ್ ಇಳಿದರೆ ಸಿಗುವ ಗೋವಾದವರಿಗೆ ಪೋರ್ಟ್ ಹೊಸದಲ್ಲ. ಅವರನ್ನು ಕೇಳಿದರೆ 1963ನ್ನು ಕೆಟ್ಟ ವರ್ಷ ಅನ್ನುತ್ತಾರಾ?

ಈಗ ಊರಿಗೆ ಬರೋಣ. ಖಾನಾಪುರ ತಾಲೂಕಿನ ಕಣಕುಂಬಿ, ಮಲಪ್ರಭೆ ಹುಟ್ಟುವ ಜಾಗ. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ದಾಟುವುದು ಮಾಮೂಲು. ಅದೇ ಜಿಲ್ಲೆಯ ಅಥಣಿಗೆ ಆರುನೂರು ಬಂದರೆ ಭರ್ಜರಿ ಮಳೆ. ಜಿಲ್ಲೆ ಹೋಗಲಿ, ಖಾನಾಪುರ ತಾಲೂಕಿನಲ್ಲೇ ಪಶ್ಚಿಮಕ್ಕೆ ದಟ್ಟ ಕಾಡು, ಪೂರ್ವಕ್ಕೆ ಬೀಡಿ, ಇಟಗಿ ಕಡೆ ಬಯಲು ಸೀಮೆ. ಆದರೂ ನಾವು "ಈ ವರ್ಷ ಬರ", "ಆ ವರ್ಷ ನೆರೆ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. 2019ನ್ನು ಏನನ್ನಬೇಕು ಹೇಳಿ? ಮೇ ತಿಂಗಳಲ್ಲಿ ಅಥಣಿ ಕಡೆ ಕೃಷ್ಣೆ ಬತ್ತಿತ್ತು, ಆಗಸ್ಟ್‌ನಲ್ಲಿ ಜಿಲ್ಲೆಗೆ ಜಿಲ್ಲೆಯೇ ನೆರೆಯಲ್ಲಿತ್ತು. 2023ರಲ್ಲಿ ಸರ್ಕಾರ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತು. ಅಂಥ ವರ್ಷದಲ್ಲೂ ಎಲ್ಲೋ ಒಂದು ಹಳ್ಳದ ದಂಡೆಯ ಗದ್ದೆ ತುಂಬಿ ತೂಗಿರುತ್ತದೆ.

ಫ್ರಾನ್ಸಿನಲ್ಲಿ ಇದು ಬಾಟಲಿಯ ಬೆಲೆಯ ಪ್ರಶ್ನೆ. ನಮ್ಮಲ್ಲಿ ರೈತನ ಪರಿಹಾರದ ಪ್ರಶ್ನೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟವನ್ನು ಒಬ್ಬೊಬ್ಬರ ಹೊಲ ನೋಡಿ ಲೆಕ್ಕ ಹಾಕುವುದಿಲ್ಲ. ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಒಂದು ಘಟಕ. ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ತೆಗೆಯುತ್ತಾರೆ. ಸರಾಸರಿ ಚೆನ್ನಾಗಿದ್ದರೆ, ನಿಮ್ಮೊಬ್ಬರ ಗದ್ದೆ ಹಾಳಾಗಿದ್ದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಆಲಿಕಲ್ಲು, ಹೊಲಕ್ಕೆ ನೀರು ನುಗ್ಗಿದ್ದು, ಕೊಯ್ದು ಒಣಗಲು ಹಾಕಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ನೆಂದದ್ದು, ಇಂಥವಕ್ಕೆ ಮಾತ್ರ ಒಂಟಿ ಹೊಲದ ತಪಾಸಣೆ ಉಂಟು. ಅದಕ್ಕೂ 72 ಗಂಟೆಯೊಳಗೆ ದೂರು ಕೊಡಬೇಕು. ನವೆಂಬರಿನಲ್ಲಿ ಭತ್ತ ಕೊಯ್ದು ಗದ್ದೆಯಲ್ಲೇ ಹರವಿ ಆಕಾಶ ನೋಡುವ ಖಾನಾಪುರದ ರೈತನಿಗೆ ಈ ಎರಡು ಅಂಕಿ ಗೊತ್ತಿರಲೇಬೇಕು.

ಸರಾಸರಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನ್ನ ಕೆಲಸ ನಡೆಯುವುದೇ ಅದರ ಮೇಲೆ. ಅದು ಊರಿನ ಬಗ್ಗೆ ನಿಜ ಹೇಳುತ್ತದೆ, ಒಂದು ಗದ್ದೆಯ ಬಗ್ಗೆ ಹೇಳುವುದಿಲ್ಲ ಅಷ್ಟೇ. ಲಾತೂರ್ 1991 ಪಟ್ಟಿಗಿಂತ ಮೇಲಿದ್ದುದರಿಂದ ಗೆದ್ದಿತು. ಒಳ್ಳೆಯ ವರ್ಷದಲ್ಲಿ ಪಟ್ಟಿಗಿಂತ ಕೆಳಗೆ ಬಿದ್ದವನ ಕಥೆ ಯಾರೂ ಬಾಟಲಿಯ ಮೇಲೆ ಅಚ್ಚು ಹಾಕುವುದಿಲ್ಲ.

ನಿಮ್ಮೂರಲ್ಲೂ ಹೆಸರು ಕೆಟ್ಟ ವರ್ಷದಲ್ಲಿ ಚೆನ್ನಾಗಿ ಬೆಳೆದವರು, ಒಳ್ಳೆಯ ವರ್ಷದಲ್ಲಿ ಕಳಕೊಂಡವರು ಇದ್ದೇ ಇರುತ್ತಾರೆ. ಗೊತ್ತಿದ್ದರೆ ಬರೆಯಿರಿ, ಓದೋಣ.